ಟಗರಿನ ಒಪ್ಪಿಗೆ

ನಮ್ಮ ಅಡುಗೆಮನೆಯ ಗೋಡೆಯ ಮೊಳೆಗೆ ಎರಡು ಸೌಟುಗಳು ನೇತುಬಿದ್ದಿವೆ. ಒಂದರ ಹಿಡಿಗೆ ಕೆಂಪು ದಾರ ಸುತ್ತಿದೆ, ಇನ್ನೊಂದು ಬೋಳು. ದಾರದ್ದು ಮಾಂಸದ, ಅಂದರೆ ಬಾಡಿನ ಸಾರಿಗೆ, ಬೋಳು ಸೌಟು ನನ್ನ ಬೇಳೆಸಾರಿಗೆ. ಭಾನುವಾರ ಬಂದರೆ ಎರಡು ಒಲೆಗಳ ಮೇಲೆ ಎರಡು ಪಾತ್ರೆಗಳು ಕುದಿಯುತ್ತವೆ. ನಾನು ನಡುವೆ ಕುಳಿತು ಈ ಕಡೆಗೊಮ್ಮೆ ಆ ಕಡೆಗೊಮ್ಮೆ ತಿರುಗುತ್ತ, ಯಾವ ಸೌಟು ಯಾವ ಪಾತ್ರೆಗೆ ಹೋಯಿತೆಂದು ನನ್ನನ್ನು ನಾನೇ ಗದರಿಸಿಕೊಳ್ಳುತ್ತಿರುತ್ತೇನೆ. ಬಾಡಿನ ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ನೋಡಬೇಕಾದಾಗ ಮಾತ್ರ ನನ್ನ ಪಾಡು ನಗೆಪಾಟಲು. ಹದಿಮೂರು ವರ್ಷದಿಂದ ಬಾಯಿಗಿಡದವಳು ಉಪ್ಪನ್ನು ನೋಡುವುದು ಹೇಗೆ? ಮೂಗಿನಿಂದ. ನಂಬಿ, ಉಪ್ಪು ಸಾಲದ ಸಾರಿನ ಆವಿಯಲ್ಲಿ ಒಂದು ಬಗೆಯ ಹಸಿತನವಿರುತ್ತದೆ, ಅದು ಅಭ್ಯಾಸವಾದ ಮೂಗಿಗೆ ತಿಳಿದುಬಿಡುತ್ತದೆ. ನಮ್ಮ ಯಜಮಾನರಂತೂ ತಟ್ಟೆಯ ಮುಂದೆ ಕುಳಿತು, "ತಿನ್ನೋರು ಮಾಡಿದ್ರೂ ಇಷ್ಟು ಚೆನ್ನಾಗಿ ಆಗಲ್ಲ ಕಣೇ" ಎಂದು ಮೆಚ್ಚಿ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಾರೆ. ಆ ಮೆಚ್ಚುಗೆ ನನಗೆ ಹಿತವೂ ಹೌದು, ಹಿಂಸೆಯೂ ಹೌದು.

ಹಾಗಾದರೆ ಮಾಡುವುದೇಕೆ ಎಂದು ನೀವು ಕೇಳುತ್ತೀರಿ. ಕೇಳಬೇಕಾದ್ದೇ. ನನಗೂ ಅದಕ್ಕೆ ನೆಟ್ಟಗಿನ ಉತ್ತರ ಸಿಕ್ಕಿಲ್ಲ. ನಾನು ಬಿಟ್ಟದ್ದು ನನ್ನ ಒಂದು ತಪ್ಪಿಗೆ. ಆ ತಪ್ಪು ಮಾಡದ ಗಂಡನನ್ನೂ ಮಗಳನ್ನೂ ಬಿಡಿ ಎನ್ನಲು ನನಗೇನು ಅಧಿಕಾರ ಎಂದುಕೊಂಡು ಮಾಡಿ ಬಡಿಸುತ್ತೇನೆ. ಬಡಿಸಿದ ಮೇಲೆ, ಹೇಳಬೇಕಿತ್ತೇನೋ ಎಂದು ಹೊರಳಾಡುತ್ತೇನೆ. ಬುದ್ಧಿ ಹೀಗೆ ಒಂದು ಕಡೆ ನಿಲ್ಲದವಳು ಪ್ರಬಂಧ ಬರೆಯಲು ಕುಳಿತರೆ ಓದುವವರ ಗತಿಯೇನೋ, ಸ್ವಲ್ಪ ಸಹಿಸಿಕೊಳ್ಳಿ.

ಯಾಕೆ ಬಿಟ್ಟೆ ಎಂಬ ಪ್ರಶ್ನೆಗೆ ನಾನು ಇಷ್ಟು ವರ್ಷ ಕೊಟ್ಟ ಉತ್ತರಗಳೆಲ್ಲ ಸುಳ್ಳು. ವೈದ್ಯರಿಗೆ ಅಜೀರ್ಣ ಎಂದೆ. ಅತ್ತೆಯವರಿಗೆ ವಾಸನೆ ಆಗದು ಎಂದೆ. ಗೌರಿಬಿದನೂರಿನಲ್ಲಿ ನಮ್ಮ ಪಕ್ಕದ ಮನೆಯ ಸೀತಮ್ಮನವರು ಮಡಿವಂತ ಹೆಂಗಸು. ಅವರಿಗೆ ನಾನೇನೂ ಹೇಳುವ ಮೊದಲೇ ಅವರೇ ಉತ್ತರ ಹುಡುಕಿಕೊಂಡುಬಿಟ್ಟರು. "ಪೂರ್ವಜನ್ಮದ ಸಂಸ್ಕಾರ ಅಂದ್ರೆ ಇದೇ ನೋಡಿ. ನೀವೂ ನಮ್ಮೋರ ಥರಾನೇ ಆಗ್ಬಿಟ್ರಿ!" ಎಂದು ಸಂತೋಷದಿಂದ ನನ್ನ ಕೈ ಮುಟ್ಟಲು ಬಂದು, ಮಡಿ ನೆನಪಾಗಿ, ಅರ್ಧದಲ್ಲಿ ನಿಂತರು. ನನಗೆ ಮೈಯೆಲ್ಲ ಉರಿಯಿತು. ಇವರ ಥರ ಆಗಬೇಕೆಂದು ಯಾರು ಹಾತೊರೆದಿದ್ದರು? ನಾನು ನಾಚಿಕೆಯಿಂದ ಬಿಟ್ಟದ್ದನ್ನು ಇವರು ಹೆಚ್ಚುಗಾರಿಕೆ ಮಾಡಿ ನನ್ನ ಕೊರಳಿಗೆ ಹಾಕುತ್ತಿದ್ದಾರಲ್ಲ! ಅತ್ತ ತವರಿಗೆ ಹೋದರೆ ಅಲ್ಲಿಯದು ಇದೇ ಮಾತಿನ ಇನ್ನೊಂದು ಮಗ್ಗುಲು. "ಪಟ್ಟಣ ಸೇರಿದ್ಮೇಲೆ ನಮ್ ಊಟ ಸೇರಲ್ವೇನಮ್ಮ? ಮೇಲಿನೋಳಾಗ್ಬಿಟ್ಯಾ?" ಎಂದು ದೊಡ್ಡಪ್ಪ ಎಲ್ಲರೆದುರು ಕೇಳಿದ್ದರು. ಒಂದು ತುತ್ತು ಬಿಟ್ಟ ಮಾತ್ರಕ್ಕೆ ಒಬ್ಬರು ಮೇಲಕ್ಕೆ ಎಳೆಯುತ್ತಾರೆ, ಇನ್ನೊಬ್ಬರು ಹೊರಕ್ಕೆ ತಳ್ಳುತ್ತಾರೆ. ನಡುವೆ ಆ ಬಡಪಾಯಿ ಪ್ರಾಣಿಯನ್ನು ಕೇಳುವವರೇ ಇಲ್ಲ.

ನಿಜವನ್ನು ನಿಮಗೆ ಹೇಳುತ್ತೇನೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಏಕೆಂದರೆ ತಿಳಿಯಬಾರದಿದ್ದವರಿಗೆ ತಿಳಿದುಹೋಗಿದೆ.

ಕೆಂಚಾರ್ಲಹಳ್ಳಿಯ ಮಗ್ಗುಲಿನ ಒಂದು ಸಣ್ಣ ಊರು ನನ್ನ ತವರು. ಹದಿನೇಳರ ಪ್ರಾಯದಲ್ಲಿ ನನಗೆ ವಿಷಮಶೀತಜ್ವರ ಬಂತು. ಚಿಂತಾಮಣಿಯಿಂದ ಡಾಕ್ಟರು ಬಂದು ಮಾತ್ರೆ ಕೊಟ್ಟು ಹೋದರು. ಅಮ್ಮ ಅವರು ಹೋದ ಬೆನ್ನಿಗೇ ಹೊಲದ ಬದುವಿನ ಮೇಲಿರುವ ಮುನೇಶ್ವರನ ಕಲ್ಲಿಗೆ ಅಡ್ಡಬಿದ್ದು, "ನನ್ ಮಗಳ ಜೀವ ಉಳಿಸ್ಕೊಡಪ್ಪ, ನಿನಗೊಂದು ಟಗರು ಒಪ್ಪಿಸ್ತೀನಿ" ಎಂದು ಹರಸಿಕೊಂಡಳಂತೆ. ನಾನು ಉಳಿದೆ. ಮಾತ್ರೆಯಿಂದಲೋ ಮುನೇಶ್ವರನಿಂದಲೋ ಎಂದು ಅಪ್ಪ ತಮಾಷೆಗೆ ಕೇಳಿದರೆ, "ಇಬ್ರೂ ಸೇರ್ಕೊಂಡು ಉಳಿಸಿದ್ರು, ನಿನಗೇನು ನಷ್ಟ?" ಎಂದು ಅಮ್ಮ ಅವರ ಬಾಯಿ ಮುಚ್ಚಿಸಿದಳು. ಒಂದು ಮರಿ ಮನೆಗೆ ಬಂತು. ತಲೆಗೂದಲೆಲ್ಲ ಉದುರಿ, ಗೋಡೆ ಹಿಡಿದು ನಡೆಯುತ್ತಿದ್ದ ನನಗೂ, ತಾಯಿಯನ್ನು ಬಿಟ್ಟುಬಂದು ಹಗಲೆಲ್ಲ ಅರಚುತ್ತಿದ್ದ ಅದಕ್ಕೂ ಬೇರೆ ಕೆಲಸವಿರಲಿಲ್ಲ. ನಮ್ಮಿಬ್ಬರನ್ನೂ ಹಿತ್ತಿಲ ಜಗಲಿಯ ಮೇಲೆ ಬಿಸಿಲಿಗೆ ಕೂರಿಸುತ್ತಿದ್ದರು.

ಹರಕೆಯ ಮರಿಗೆ ಹೆಸರಿಡಬಾರದೆಂದು ಅಮ್ಮ ಎಚ್ಚರಿಸಿದ್ದಳು. ಅದರ ಹಣೆಯ ಮೇಲೆ ಬೊಟ್ಟಿಟ್ಟಂತೆ ಬಿಳಿ ಮಚ್ಚೆಯಿತ್ತು. ನಾನು ಗುಟ್ಟಾಗಿ ಬೊಟ್ಟ ಎಂದು ಕರೆಯತೊಡಗಿದೆ. ರೇಷ್ಮೆಹುಳುಗಳು ತಿಂದುಳಿಸಿದ ಹಿಪ್ಪುನೇರಳೆ ಕಡ್ಡಿಗಳನ್ನು ತಂದು ಅದರ ಮುಂದೆ ಹಾಕಿದರೆ ಒಂದೊಂದೇ ಎಲೆಯನ್ನು ತುಟಿಯಿಂದ ಆಯ್ದು ತಿನ್ನುತ್ತಿದ್ದ ಅದರ ನಾಜೂಕು ನಮ್ಮ ಮನೆಯ ಯಾವ ಗಂಡಸಿಗೂ ಇರಲಿಲ್ಲ. ವಾರಕ್ಕೊಮ್ಮೆ ನಾನೇ ಬಾವಿಕಟ್ಟೆಯ ಬಳಿ ಅದರ ಮೈ ತೊಳೆಯುತ್ತಿದ್ದೆ. ಮೊದಮೊದಲು ನೀರೆಂದರೆ ಕಾಲು ಕೀಳುತ್ತಿದ್ದ ಪ್ರಾಣಿ ಕ್ರಮೇಣ ನನ್ನ ಕೈಯ ನೀರಿಗೆ ಕಣ್ಣು ಅರೆಮುಚ್ಚಿ ನಿಲ್ಲುವುದನ್ನು ಕಲಿತುಬಿಟ್ಟಿತು. ತೊಳೆದಾದ ಮೇಲೆ ನಮ್ಮಿಬ್ಬರದೊಂದು ಆಟ. ನಾನು ಬಗ್ಗಿ ಅದರ ಕಿವಿಯೊಳಕ್ಕೆ ಉಫ್ ಎಂದು ಊದುವುದು, ಅದು ಮೂತಿಯಿಂದ ಬಾಲದ ತುದಿಯವರೆಗೆ ಪಟಪಟನೆ ಮೈ ಒದರಿ ನನ್ನ ಮುಖಕ್ಕೆಲ್ಲ ನೀರು ಎರಚುವುದು. ಜ್ವರ ಬಿಟ್ಟ ಮೇಲೆ ನಾನು ಮೊದಲು ನಕ್ಕಿದ್ದು ಆ ಆಟಕ್ಕೇ.

ಈಗ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಹರಕೆಯ ಟಗರನ್ನು ಸುಮ್ಮನೆ ಕಡಿಯುವಂತಿಲ್ಲ. ದೇವರ ಮುಂದೆ ನಿಲ್ಲಿಸಿ, ಅರಿಸಿನ ಕಲಸಿದ ನೀರನ್ನು ಬೆನ್ನಿನ ಮೇಲೆ ಹುಯ್ದು ಅದರ ಒಪ್ಪಿಗೆ ಕೇಳಬೇಕು. ಅದು ಮೈ ಒದರಿದರೆ ಒಪ್ಪಿತು ಎಂದರ್ಥ; ಅದರ ಬಾಯಲ್ಲಿ ದೇವರೇ ಹೂಂ ಎಂದಂತೆ. ಮೂರು ಸಲ ಹುಯ್ದರೂ ಒದರದಿದ್ದರೆ ದೇವರಿಗೆ ಬೇಡವೆಂದು ಅದನ್ನು ಬಿಟ್ಟುಬಿಡಬೇಕು. ಆಮೇಲೆ ಅದು ದೇವರ ಟಗರು. ಊರ ಹೊಲದಲ್ಲೆಲ್ಲ ಮೇಯ್ದುಕೊಂಡು ತನ್ನ ಸಾವು ತಾನು ಸಾಯುತ್ತದೆ. ನೀರು ಹುಯ್ಯಬೇಕಾದವರು ಯಾರ ಸಲುವಾಗಿ ಹರಕೆ ಹೊತ್ತರೋ ಅವರೇ. ಯೋಚಿಸಿ ನೋಡಿದರೆ, ಕೊಲ್ಲುವ ಮೊದಲು ಕೇಳಬೇಕೆಂದು ನಮ್ಮ ಹಿರಿಯರಿಗೆ ಅನ್ನಿಸಿತ್ತಲ್ಲ, ಅದೊಂದು ದೊಡ್ಡತನವೇ. ಕೇಳಿದ್ದಕ್ಕೆ ಇಲ್ಲವೆನ್ನುವ ದಾರಿಯೊಂದನ್ನೂ ಬಿಟ್ಟಿದ್ದರು. ತಣ್ಣೀರು ಬಿದ್ದರೆ ಯಾವ ಕುರಿಯೂ ಒದರುತ್ತದೆ ಎನ್ನುವುದು ಮಾತ್ರ ಅವರಿಗೆ ತಿಳಿದಿತ್ತೋ ಇಲ್ಲವೋ, ಅದನ್ನು ಕೇಳಲು ಈಗ ಅವರಿಲ್ಲ.

ಬೊಟ್ಟನನ್ನು ಒಪ್ಪಿಸುವ ದಿನ ನೆಂಟರೆಲ್ಲ ಬಂದು ಸೇರಿದ್ದರು. ಬದುವಿನ ಹೊಂಗೆಮರದಡಿ ಕಲ್ಲುಗಳನ್ನಿಟ್ಟು ಒಲೆ ಹೂಡಿದ್ದರು, ಹೆಂಗಸರು ಮಸಾಲೆ ರುಬ್ಬಿಟ್ಟು ಕಾಯುತ್ತಿದ್ದರು. ನಾನು ಹೊಸ ಲಂಗದಾವಣಿಯಲ್ಲಿ ಚೊಂಬು ಹಿಡಿದು ನಿಂತೆ. ಮೊದಲ ಸಲ ನೀರು ಹುಯ್ದೆ. ಬೊಟ್ಟ ಕಣ್ಣು ಅರೆಮುಚ್ಚಿ ನಿಂತಿತು. ಎರಡನೆಯ ಸಲ ಹುಯ್ದೆ. ಹಾಗೆಯೇ ನಿಂತಿತು. ನನ್ನ ಕೈಯ ನೀರಿಗೆ ಅದು ನಿಲ್ಲದೆ ಇನ್ನೇನು ಮಾಡೀತು? ಅದಕ್ಕೆ ಅದು ಸ್ನಾನದ ದಿನ, ಅಷ್ಟೇ. ಆದರೆ ಸುತ್ತ ನಿಂತವರ ಮುಖಗಳು ಬಾಡಿದವು. "ಏಮಿರಾ ಇದಿ, ದೇವುಡು ಒಪ್ಪಲ್ಲ ಅಂತಾನಲ್ಲಪ್ಪ" ಎಂದು ಯಾರೋ ತೆಲುಗು ಕನ್ನಡ ಕಲಸಿ ಗೊಣಗಿದರು. ದೊಡ್ಡಪ್ಪ ಕಾಯಿ ಒಡೆದು, ತಪ್ಪಾಗಿದ್ದರೆ ಹೊಟ್ಟೆಗೆ ಹಾಕ್ಕೋ ಸ್ವಾಮಿ ಎಂದು ಕಲ್ಲಿಗೆ ಕೈಮುಗಿದರು. ನಾನು ಅಮ್ಮನ ಕಡೆ ನೋಡಿದೆ. ನೋಡಬಾರದಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು, ಆ ಟಗರು ಒದರದಿದ್ದರೆ ನಾನು ಅಲ್ಲಿಯೇ ಬಿದ್ದು ಸತ್ತುಹೋಗುತ್ತೇನೆಂಬಂತೆ ನನ್ನನ್ನೇ ನೋಡುತ್ತ ಅಳುತ್ತಿದ್ದಳು. ಜ್ವರದ ದಿನಗಳಲ್ಲಿ ನನ್ನ ಚಾಪೆಯ ಪಕ್ಕ ಕುಳಿತಾಗಲೂ ಅವಳ ಮುಖ ಹಾಗಾಗಿರಲಿಲ್ಲ.

ಮೂರನೆಯ ಚೊಂಬು ಬಗ್ಗಿಸುತ್ತ ನಾನೂ ಬಗ್ಗಿದೆ. ಬೊಟ್ಟನ ಕಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಊದಿದೆ.

ಅದು ಮೂತಿಯಿಂದ ಬಾಲದವರೆಗೆ ಮೈ ಒದರಿತು. ನನ್ನ ಮುಖಕ್ಕೆ ನೀರು ಎರಚಿತು. ಎಲ್ಲರೂ ಹೋ ಎಂದು ಕೂಗಿದರು, ಅಮ್ಮ ನನ್ನನ್ನು ಬಾಚಿ ತಬ್ಬಿಕೊಂಡಳು. ಅವಳ ಹೆಗಲ ಮೇಲಿಂದ ನೋಡಿದೆ. ಆಟ ಇನ್ನೂ ಮುಗಿದಿಲ್ಲವೆಂಬಂತೆ ಅದು ಇನ್ನೊಂದು ಸಲ ಊದಲೆಂದು ಕಿವಿಯನ್ನು ನನ್ನ ಕಡೆಗೇ ತಿರುಗಿಸಿಕೊಂಡು ನಿಂತಿತ್ತು. ಅವತ್ತು ಮಧ್ಯಾಹ್ನ ಎಲೆಯ ಮುಂದೆ ಕುಳಿತವಳು ಬಾಡನ್ನೆಲ್ಲ ಎಲೆಯ ಅಂಚಿಗೆ ಸರಿಸಿಟ್ಟೆ. ಜ್ವರದ ಮೈ, ಇನ್ನೂ ನಾಲಿಗೆ ರುಚಿ ತಿರುಗಿಲ್ಲ ಎಂದು ಅಮ್ಮನೇ ನನ್ನ ಪರವಾಗಿ ನೆಪ ಹೇಳಿದಳು. ಅಂದಿನಿಂದ ಇಂದಿನವರೆಗೆ ತಿಂದಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಮರೆಯುತ್ತಿದ್ದೆನೇನೋ. ನಾನು ಕಿವಿಯ ಬಳಿ ಬಗ್ಗಿದ್ದನ್ನು ಎಲ್ಲರೂ ಕಂಡಿದ್ದರಲ್ಲ, ಅದು ಊರಲ್ಲಿ ಕಥೆಯಾಯಿತು. "ಮಗು ಕಿವೀಲಿ ಕೇಳ್ಕೊಂಡ್ಳು, ಅದು ತಲೆಯಾಡಿಸಿ ಒಪ್ಕೊಳ್ತು. ಪ್ರಾಣಿಗೂ ಗೊತ್ತಾಗುತ್ತೆ ಕಣಮ್ಮ" ಎಂದು ಮುದುಕಿಯರು ಗಲ್ಲ ಸವರಿದರು. ಎರಡು ಮನೆಯವರು ತಮ್ಮ ಹರಕೆಗೂ ಬಂದು ಕಿವಿಯಲ್ಲಿ ಒಂದು ಮಾತು ಹೇಳಿ ಹೋಗು ಎಂದು ಕರೆದರು. ನಾನು ತಲೆನೋವು, ಹೊಟ್ಟೆನೋವು ಎಂದು ಮನೆಯೊಳಗೆ ಅಡಗಿ ಕುಳಿತೆ. ನನ್ನ ಪುಣ್ಯಕ್ಕೆ ಮಾರನೆಯ ವರ್ಷವೇ ಮದುವೆಯಾಗಿ, ಗೌರಿಬಿದನೂರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಗಂಡನ ಮನೆಗೆ ಬಂದುಬಿಟ್ಟೆ. ಅಮ್ಮನಿಗೆ ನಿಜ ಹೇಳುವಂತಿರಲಿಲ್ಲ. ಹೇಳಿದರೆ ದೇವರು ಒಪ್ಪಲಿಲ್ಲವೆಂದೂ, ಮಗಳ ಜೀವ ಇನ್ನೂ ತೂಗಾಡುತ್ತಿದೆಯೆಂದೂ ಅವಳು ತಿಳಿಯುತ್ತಾಳೆ. ಅವಳ ನೆಮ್ಮದಿಗಾಗಿ ಮಾಡಿದ ಮೋಸವನ್ನು ಅವಳಿಂದಲೇ ಕಾಪಾಡಬೇಕಾಯಿತು.

ಒಂದು ಪ್ರಾಣಿಯ ಕಡೆ ಮನಸ್ಸು ತಿರುಗಿತೆಂದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ, ಇದೊಂದು ಪೀಡೆ. ತವರಿಗೆ ಹೋಗುವಾಗ ಚಿಕ್ಕಬಳ್ಳಾಪುರದಲ್ಲಿ ಚಿಂತಾಮಣಿಯ ಕಡೆಗೆ ಹೋಗುವ ಪುಟ್ಟ ರೈಲು ಹತ್ತುತ್ತೇನೆ. ಶಿಡ್ಲಘಟ್ಟ ಹತ್ತಿರವಾದಾಗ ನೂಲು ತೆಗೆಯುವ ಮನೆಗಳ ವಾಸನೆ ಗಾಳಿಯಲ್ಲಿ ಬರುತ್ತದೆ. ಕುದಿಯುವ ನೀರಿನಲ್ಲಿ ಗೂಡುಗಳು, ಗೂಡುಗಳೊಳಗೆ ಮಲಗಿದ್ದ ಹುಳುಗಳು. ನಮ್ಮ ತವರಿನ ಅನ್ನವೇ ಆ ಹುಳುಗಳದು. "ಟಗರಿಗೆ ಅಳ್ತೀಯಲ್ಲ, ನಿನ್ ಮದುವೆ ಸೀರೆಗೆ ಎಷ್ಟು ಹುಳ ಬೆಂದಿದಾವೋ ಕೇಳಿದ್ಯಾ?" ಎಂದು ಯಜಮಾನರು ಒಮ್ಮೆ ಕೆಣಕಿದರು. ನಾನು ಮೂರು ದಿನ ಮಾತುಬಿಟ್ಟೆ. ಆ ಸೀರೆ ಇನ್ನೂ ಪೆಟ್ಟಿಗೆಯಲ್ಲಿದೆ, ಹತ್ತಿರದವರ ಮದುವೆಗಳಿಗೆ ಉಡುತ್ತೇನೆ, ಉಟ್ಟಾಗ ಚೆಂದ ಕಾಣುತ್ತೇನೆಂದು ಸಂತೋಷವೂ ಆಗುತ್ತದೆ. ಹಾಲಿನವಳು ಕರುವನ್ನು ಎಳೆದು ಗೂಟಕ್ಕೆ ಕಟ್ಟಿ ಹಾಲು ಕರೆಯುವಾಗ ಮುಖ ತಿರುಗಿಸಿ, ಮನೆಗೆ ಬಂದು ಕಾಫಿ ಕುಡಿಯುತ್ತೇನೆ. ಕಾಲಲ್ಲಿ ಚರ್ಮದ ಚಪ್ಪಲಿ. ಹೀಗೆ ಹುಡುಕುತ್ತ ಹೋದರೆ ನಾನು ಬಿಟ್ಟದ್ದು ಬೆರಳಷ್ಟು, ಬಿಡದಿರುವುದು ಬೆಟ್ಟದಷ್ಟು. ಪೂರ್ತಿ ಬಿಡಲಾರದವಳು ಇಷ್ಟನ್ನೇಕೆ ಬಿಟ್ಟೆ ಎಂದು ನನ್ನನ್ನು ನಾನೇ ಚುಚ್ಚಿಕೊಳ್ಳುತ್ತೇನೆ. ಇಷ್ಟನ್ನಾದರೂ ಬಿಟ್ಟೆಯಲ್ಲ ಎಂದು ಒಳಗಿನಿಂದ ಇನ್ನೊಂದು ದನಿ ಹೇಳಿದರೆ ಅದರ ಮೇಲೂ ರೇಗುತ್ತೇನೆ.

ಹೋದ ವರ್ಷ ನನ್ನ ಮಗಳು ಪುಟ್ಟಿಗೆ ಜ್ವರ ಬಂತು. ಆರು ವರ್ಷದ ಕೂಸು, ಎದೆಯಲ್ಲಿ ಕಫ ಕಟ್ಟಿ ಉಸಿರಾಡಲು ಒದ್ದಾಡಿತು. ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಡಿಸಿದೆವು, ಗುಣವಾಯಿತು. ಮಗುವನ್ನು ತೋರಿಸಲೆಂದು ತವರಿಗೆ ಕರೆದುಕೊಂಡು ಹೋದರೆ, ಹಿತ್ತಿಲ ಜಗಲಿಯ ಪಕ್ಕ ಒಂದು ಮರಿ ಕಟ್ಟಿತ್ತು. "ನಿನ್ನ ಉಳಿಸ್ಕೊಟ್ಟೋನು ನಿನ್ ಮಗಳನ್ನೂ ಉಳಿಸ್ಕೊಟ್ಟ" ಎಂದಳು ಅಮ್ಮ, ಮುಖವೆಲ್ಲ ಹಿಗ್ಗು. ಪುಟ್ಟಿ ಆಗಲೇ ಓಡಿಹೋಗಿ ಅದರ ಕುತ್ತಿಗೆ ತಬ್ಬಿಕೊಂಡಿದ್ದಳು. ದಸರಾ ರಜೆಯಲ್ಲಿ ಅಲ್ಲಿಯೇ ಉಳಿದು ಅದಕ್ಕೆ ಸೊಪ್ಪು ತಿನ್ನಿಸಿದಳು. ಗೌರಿಬಿದನೂರಿಗೆ ಮರಳಿದ ಮೇಲೂ ಊಟಕ್ಕೆ ಕುಳಿತಾಗಲೆಲ್ಲ, "ಅಮ್ಮ, ನನ್ ಮರಿ ಈಗ ಊಟ ಮಾಡ್ತಾ?" ಎಂದು ಕೇಳುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಹರಕೆ ಒಪ್ಪಿಸುವುದೆಂದು ಪತ್ರ ಬಂತು. ನೀರು ಹುಯ್ಯುವವಳು ಪುಟ್ಟಿ.

ನಾನು ಎರಡು ದಿನ ಮೊದಲೇ ಹೋದೆ. ಅಮ್ಮ ಹುಳುವಿನ ಮನೆಯಲ್ಲಿ ಬಿದಿರು ತಟ್ಟೆಗಳ ಮೇಲೆ ಸೊಪ್ಪು ಹರಡುತ್ತಿದ್ದಳು. ಸಾವಿರಾರು ಹುಳುಗಳು ಎಲೆ ಕಡಿಯುವ ಸಪ್ಪಳ ಜಡಿಮಳೆಯ ಹಾಗೆ ಕೇಳುತ್ತಿತ್ತು. ಬಾಗಿಲು ಮುಂದೆ ಮಾಡಿ, ಅವಳ ಪಕ್ಕ ಕುಳಿತು, ಎಲ್ಲವನ್ನೂ ಹೇಳಿಬಿಟ್ಟೆ. ಬಾವಿಕಟ್ಟೆಯ ಆಟದಿಂದ ಹಿಡಿದು ಕಿವಿಯಲ್ಲಿ ಊದಿದ್ದರವರೆಗೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅಮ್ಮನ ಕೈ ಸೊಪ್ಪಿನ ಮೇಲೆ ಹಾಗೇ ನಿಂತಿತು.

"ಹಂಗಾದ್ರೆ ಅವನು ಒಪ್ಪಲೇ ಇಲ್ವಾ?"

"ಇಲ್ಲಮ್ಮ. ಅದು ನನ್ನ ನಂಬ್ಕೊಂಡು ನಿಂತಿತ್ತು. ನಾನೇ ಮೋಸ ಮಾಡಿದೆ."

"ಹದಿಮೂರು ವರ್ಷ! ಹರಕೆ ತೀರದ ಮೈಯಲ್ಲಿ ಹದಿಮೂರು ವರ್ಷ ಓಡಾಡಿದ್ಯೇನೇ? ಅದೇ ಮೈಯಲ್ಲಿ ಬಸುರಿಯಾದ್ಯಾ, ಹೆತ್ಯಾ? ಏನಾದ್ರೂ ಆಗಿದ್ರೆ?"

"ಅಮ್ಮಾ, ನಾನು ಟಗರಿನ ಮಾತಾಡ್ತಿದೀನಿ."

"ನಾನು ನಿನ್ ಮಾತಾಡ್ತಿದೀನಿ ಕಣೇ!"

ನನಗೆ ರೇಗಿಹೋಯಿತು. "ಏನೂ ಆಗಿಲ್ವಲ್ಲ, ಎದುರಿಗೇ ಕೂತಿದೀನಿ, ನೋಡು. ಅವನು ಒಪ್ಪದೇ ಇದ್ರೂ ಬದುಕಿದೀನಿ ಅಂದ್ರೆ ಏನರ್ಥ?" ಎಂದು ಕೂಗಿದೆ. ಕೂಗಬಾರದಿತ್ತು. ಅಮ್ಮ ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹರಡಿ ಮುಗಿಸಿದಳು. ಆಮೇಲೆ ಸಣ್ಣ ದನಿಯಲ್ಲಿ, "ಹಂಗಾದ್ರೆ ಅದನ್ನ ಸುಮ್ ಸುಮ್ನೆ ಕಡಿದ್ವಾ?" ಎಂದಳು. "ಪುಟ್ಟಿ ಕೈಲಿ ನೀರು ಹುಯ್ಯಿಸ್ಬೇಡಮ್ಮ, ಅಷ್ಟೇ ನಾನು ಕೇಳೋದು" ಎಂದೆ. "ದೊಡ್ಡೋರೆಲ್ಲ ಸೇರಿ ಗೊತ್ತುಮಾಡಿರೋದು. ನಾನು ಬೇಡ ಅಂದ್ರೆ ಕೇಳ್ತಾರಾ?" ಎಂದು ಎದ್ದುಹೋದಳು. ಆ ದಿನವೂ ಮಾರನೆಯ ದಿನವೂ ನನ್ನ ಮುಖ ನೋಡಿ ಮಾತಾಡಲಿಲ್ಲ. ಹೇಳಿದ್ದರಿಂದ ಎದೆ ಹಗುರಾಗುತ್ತದೆಂದುಕೊಂಡಿದ್ದವಳು ನಾನು, ಒಳಗೂ ಹೊರಗೂ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದೆ.

ಹರಕೆಯ ದಿನ ಬೆಳಗ್ಗೆ ಎಲ್ಲರ ಸ್ನಾನ ಮುಗಿದ ಮೇಲೂ ಬಚ್ಚಲ ಹಂಡೆಯ ಒಲೆ ಉರಿಯುತ್ತಲೇ ಇತ್ತು. ನಾನದನ್ನು ಗಮನಿಸಿಯೂ ಗಮನಿಸಲಿಲ್ಲ. ಬದುವಿನ ಮೇಲೆ ಚಳಿಗಾಳಿ ಬೀಸುತ್ತಿತ್ತು. ಟಗರನ್ನು ತಂದು ಕಲ್ಲಿನ ಮುಂದೆ ನಿಲ್ಲಿಸಿದರು. ಪುಟ್ಟಿಗೆ ಕೊಟ್ಟ ಚೊಂಬು ಅವಳ ಕೈಗೆ ದೊಡ್ಡದಾಯಿತೆಂದು ಅಮ್ಮ ಹಿಂದಿನಿಂದ ಹಿಡಿದುಕೊಂಡಳು. ನಾನು ಪಕ್ಕದಲ್ಲಿಯೇ ನಿಂತಿದ್ದೆ. ಮೊದಲ ನೀರು ಬಿದ್ದಾಗ ಕೆಲವು ಹನಿ ನನ್ನ ಪಾದದ ಮೇಲೆ ಸಿಡಿದವು.

ಬೆಚ್ಚಗಿದ್ದವು.

ಅಮ್ಮನ ಮುಖ ನೋಡಿದೆ. ಅವಳು ಕಲ್ಲನ್ನೇ ನೋಡುತ್ತಿದ್ದಳು. ತುಟಿ ಏನೋ ಬೇಡಿಕೊಳ್ಳುತ್ತಿತ್ತು. ಎರಡನೆಯ ನೀರಿಗೂ ಟಗರು ಹಾಯಾಗಿ ಮೆಲುಕು ಹಾಕುತ್ತ ನಿಂತಿತು. ಆ ಚಳಿಗೆ ಬೆಚ್ಚನೆಯ ನೀರು ಅದಕ್ಕೂ ಹಿತವಾಗಿತ್ತೇನೋ. ಮೂರನೆಯದನ್ನು ಹುಯ್ಯುವಾಗ ಅಮ್ಮನ ಕೈ ತಪ್ಪಿ ಅರ್ಧ ನೀರು ನೆಲಕ್ಕೆ ಬಿತ್ತು. ಟಗರು ಅಲುಗಲಿಲ್ಲ. ದೊಡ್ಡಪ್ಪ ನನ್ನ ಕಡೆ ತಿರುಗಿ, "ಏನಮ್ಮ, ನೀನೊಂದ್ಸಲ ಕಿವೀಲಿ ಹೇಳಿ ನೋಡ್ತೀಯಾ?" ಎಂದರು. ಎಲ್ಲರೂ ನನ್ನನ್ನು ನೋಡಿದರು. ನಾನು ಅಡ್ಡಡ್ಡ ತಲೆಯಾಡಿಸಿ, "ಅದು ಬೇಡ ಅಂದ್ಮೇಲೆ ಬೇಡ, ದೊಡ್ಡಪ್ಪ" ಎಂದೆ. ದೊಡ್ಡಪ್ಪ ನಿಟ್ಟುಸಿರುಬಿಟ್ಟು ಹಗ್ಗ ಬಿಚ್ಚಿದರು. ಪುಟ್ಟಿ ಚಪ್ಪಾಳೆ ತಟ್ಟಿದಳು. ಟಗರು ಸ್ವಲ್ಪ ದೂರ ಹೋಗಿ, ಏನೂ ನಡೆದಿಲ್ಲವೆಂಬಂತೆ ಪಕ್ಕದ ಹೊಲದ ಹುರುಳಿಗೆ ಬಾಯಿ ಹಾಕಿತು.

ಇಲ್ಲಿಗೆ ಸುಖಾಂತವಾಯಿತೆಂದು ನೀವು ಅಂದುಕೊಂಡಿದ್ದರೆ ನಮ್ಮ ನೆಂಟರನ್ನು ನೀವು ಬಲ್ಲವರಲ್ಲ. ರುಬ್ಬಿದ ಮಸಾಲೆ ಕಾದಿದೆ, ಅಷ್ಟು ದೂರದಿಂದ ಬಂದವರನ್ನು ಬೇಳೆಸಾರಿನಲ್ಲಿ ಕಳಿಸಿದರೆ ಮನೆಯ ಮರ್ಯಾದೆ ಉಳಿಯುತ್ತದೆಯೇ? ಅರ್ಧ ಗಂಟೆಯಲ್ಲಿ ಊರೊಳಗಿಂದ ಕೋಳಿಗಳು ಬಂದವು, ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದದ್ದು. ಕೋಳಿಗಳಿಗೆ ನೀರು ಹುಯ್ದು ಒಪ್ಪಿಗೆ ಕೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಒಂದು ಉಳಿಯಿತೆಂದು ನಾನು ಹಿಗ್ಗಬೇಕೋ, ಅದರ ಬದಲು ಹೋದವುಗಳಿಗಾಗಿ ಕೊರಗಬೇಕೋ ತಿಳಿಯದೆ ಮರದ ಆಚೆ ನಿಂತುಕೊಂಡೆ. ಅಮ್ಮ ನನಗೆಂದು ಬೇರೆ ಪಾತ್ರೆಯಲ್ಲಿ ತಂದಿದ್ದ ಅವರೆಕಾಳಿನ ಸಾರನ್ನು ಎಲೆಗೆ ಹಾಕಿದಳು.

"ನೀರು ಬೆಚ್ಚಗಿತ್ತಲ್ಲಮ್ಮ" ಎಂದೆ, ಅವಳಿಗೆ ಮಾತ್ರ ಕೇಳುವಂತೆ.

"ಚಳಿ. ಮಗು ಕೈಗೆ ತಣ್ಣೀರು ಯಾಕೆ ಅಂತ" ಎಂದಳು. ಸೌಟನ್ನು ಪಾತ್ರೆಯೊಳಗೆ ಬಿಟ್ಟು, "ಯಾರಿಗೂ ಬಾಯಿ ಬಿಡ್ಬೇಡ. ನೀನು ಒಂದ್ಸಲ ಮೋಸ ಮಾಡಿದೆ, ನಾನು ಒಂದ್ಸಲ ಮಾಡಿದೆ. ಮಗೂನ ಹುಷಾರಾಗಿ ನೋಡ್ಕೊ ಕಣಮ್ಮ. ಕೈಮುಗಿದು ಕೇಳ್ಕೊಳ್ತೀನಿ, ಹುಷಾರಾಗಿ ನೋಡ್ಕೊ" ಎಂದಳು.

ಆಗಲೂ ನನಗೆ ಅರ್ಥವಾಗಲಿಲ್ಲ ನೋಡಿ, ನನ್ನ ಮಂದಬುದ್ಧಿಗೆ ಏನನ್ನಬೇಕು! ರೈಲಿನಲ್ಲಿ ಮರಳುವಾಗ ನಾನು ಎಷ್ಟೋ ವರ್ಷಗಳ ಮೇಲೆ ಕಿಟಕಿಗೆ ತಲೆಯಾನಿಸಿ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಅರ್ಥವಾದದ್ದು ಅಮ್ಮನ ಕಾರ್ಡುಗಳು ಬರತೊಡಗಿದ ಮೇಲೆ. ಅಕ್ಷರ ಬಾರದ ಅವಳು ಯಾರ ಕೈಯಲ್ಲೋ ಬರೆಸಿ ವಾರಕ್ಕೊಂದು ಹಾಕುತ್ತಾಳೆ. ಮಗು ಕೆಮ್ಮುತ್ತದೆಯೇ, ಮೈ ಬಿಸಿಯಿದೆಯೇ, ನಿಜ ಬರೆ, ನನ್ನಿಂದ ಮುಚ್ಚಬೇಡ. ನನಗೆ ದೇವರ ಭಯವಿಲ್ಲ. ನನ್ನ ಮೋಸಕ್ಕೆ ನಾನು ತೆತ್ತದ್ದು ಒಂದು ರುಚಿಯನ್ನು, ಒಂದಿಷ್ಟು ನಿದ್ದೆಯನ್ನು. ಅಮ್ಮನಿಗೆ ಭಯವಿದೆ. ಮಗುವನ್ನು ಉಳಿಸಿದವನಿಗೆ ಕೊಡುತ್ತೇನೆಂದದ್ದನ್ನು ಅವಳು ತಿಳಿದೂ ತಿಳಿದೂ ತಪ್ಪಿಸಿದ್ದಾಳೆ, ಮಗಳು ಅತ್ತಳೆಂದು. ಹದಿಮೂರು ವರ್ಷ ನಾನು ಹೊತ್ತಿದ್ದನ್ನು ಹಗುರ ಮಾಡಿಕೊಳ್ಳುವ ಆತುರದಲ್ಲಿ ಅದರ ಹತ್ತರಷ್ಟು ಭಾರವನ್ನು ಅವಳ ತಲೆಯ ಮೇಲಿಟ್ಟು ಬಂದಿದ್ದೆ.

ಹೋದ ವಾರ ಪುಟ್ಟಿಗೆ ಸ್ವಲ್ಪ ನೆಗಡಿಯಾಗಿ, ಏನು ಬರೆಯಲೆಂದು ತೋಚದೆ ನಾನು ಉತ್ತರ ಹಾಕುವುದು ತಡವಾಯಿತು. ನಿನ್ನೆ ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಅಮ್ಮ. ಚಿಂತಾಮಣಿಗೆ ನಡೆದು, ರೈಲು ಹಿಡಿದು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿ, ಜೀವಮಾನದಲ್ಲಿ ಮೊದಲ ಸಲ ಒಬ್ಬಳೇ ಬಂದಿದ್ದಳು. ಕಾಲಿಗೆ ನೀರು ಕೊಡುತ್ತೇನೆ ನಿಲ್ಲು ಎಂದರೂ ನಿಲ್ಲದೆ, ದೂಳಿನ ಕಾಲಲ್ಲೇ ಒಳಗೆ ಬಂದು, ಸ್ಲೇಟಿನ ಮೇಲೆ ಬರೆಯುತ್ತಿದ್ದ ಪುಟ್ಟಿಯ ಮುಂದೆ ಕುಕ್ಕರಿಸಿ ಹಣೆ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು, ಎದೆಯ ಮೇಲೆ ಕೈಯಿಟ್ಟು ಉಸಿರು ನೋಡಿದಳು. ಕಚಗುಳಿಯಾಗಿ ಪುಟ್ಟಿ ಕೈ ತಳ್ಳಿದಳು.

"ಬಿಡಜ್ಜಿ, ನಂಗೇನೂ ಆಗಿಲ್ಲ."

"ಇನ್ನೊಂದ್ಸಲ ಹೇಳಮ್ಮ" ಎಂದಳು ಅಮ್ಮ.

ಪುಟ್ಟಿ ನನ್ನ ಮುಖ ನೋಡಿ, ಇದೇನು ವಿಚಿತ್ರವೆಂಬಂತೆ ನಕ್ಕು, ಇನ್ನೊಂದು ಸಲ ಹೇಳಿದಳು.